ನಿಂಟೆಂಡೊ 64ಕ್ಕೆ ಕಂಟ್ರೋಲರ್ ಹುಡುಕುತ್ತಿರುವವರಿಗೆ

ಎಲ್ಲರಿಗೂ ನಮಸ್ಕಾರ. ಈ ವಾರ ಮೂರು ಜನ ನಿಂಟೆಂಡೊ 64ಕ್ಕೆ ಯಾವ ಕಂಟ್ರೋಲರ್ ಕೊಳ್ಳಬೇಕು ಎಂದು ಕೇಳಿದ್ದರಿಂದ ಒಟ್ಟಿಗೆ ಬರೆಯುತ್ತಿದ್ದೇನೆ.

1996ರ ಗೇಮ್ ಕನ್ಸೋಲ್ ಇದು. ಕಂಪನಿಯದೇ ಹಳೆ ಕಂಟ್ರೋಲರ್ ಸಿಕ್ಕರೆ ಮೊದಲು ನಡುವಿನ ಸ್ಟಿಕ್ ಅಲ್ಲಾಡಿಸಿ ನೋಡಿ. ಸಡಿಲವಾಗಿ ಒಂದು ಕಡೆ ವಾಲಿ ನಿಂತರೆ ಸವೆದಿದೆ ಎಂದರ್ಥ. ಒಳಗೆ ಸ್ಟಿಕ್‌ನ ಬುಡ ಪ್ಲಾಸ್ಟಿಕ್ ಬಟ್ಟಲಿಗೆ ಉಜ್ಜಿ ಉಜ್ಜಿ ಬಿಳಿ ಪುಡಿ ಆಗುತ್ತದೆ. ಅದಕ್ಕೇ ಮೈ ಹೊಳೆಯುವುದನ್ನು ನೋಡಿ ಮರುಳಾಗಬೇಡಿ. ಬಟನ್ ಸರಿಯಿದ್ದರೆ ಬಟ್ಟಲು, ಸ್ಟಿಕ್ ಎರಡನ್ನೂ ಬದಲಾಯಿಸಿ, ಪ್ಲಾಸ್ಟಿಕ್‌ಗೆ ಹೊಂದುವ ಗ್ರೀಸ್ ಚೂರು ಹಚ್ಚಿದರೆ ಸಾಕು. ನನ್ನ ಮಟ್ಟಿಗೆ ಇದೇ ಒಳ್ಳೆಯ ದಾರಿ.

ನಿಂಟೆಂಡೊದ ಮುಂದಿನ ಕನ್ಸೋಲ್ ಗೇಮ್‌ಕ್ಯೂಬ್ ಥರದ ಸ್ಟಿಕ್ ಕೂಡಿಸುವವರೂ ಇದ್ದಾರೆ. ಬೆರಳಿಗೆ ಹಿತ, ನಿಜ. ಆದರೆ ಕೆಲವು ಸ್ಟಿಕ್‌ಗಳಲ್ಲಿ ಸ್ವಲ್ಪ ತಳ್ಳಿದರೂ ಗುರಿ ಎಲ್ಲೋ ಓಡಿಹೋಗುತ್ತದೆ.

ಮೂರು ಹಿಡಿಯ ಆ ಆಕಾರ ಕೈಗೆ ಒಗ್ಗದಿದ್ದರೆ ಎರಡು ಹಿಡಿಯ ಹೊಸ ಕಂಟ್ರೋಲರ್‌ಗಳಿವೆ, ಬ್ರಾಲರ್64 ಅಂಥದ್ದು. ಬ್ಲೂಟೂತ್ ಅಡಾಪ್ಟರ್ ಹಾಕಿ ಈಗಿನ ಕಂಟ್ರೋಲರನ್ನೇ ಬಳಸಬಹುದು. ಯಾವುದೇ ಆಗಲಿ, ಕಂಟ್ರೋಲರ್ ಪ್ಯಾಕ್‌ಗೆ, ಅಂದರೆ ಮೆಮೊರಿ ಕಾರ್ಡ್‌ಗೆ, ಜಾಗ ಇದೆಯಾ ಕೇಳಿಕೊಳ್ಳಿ. ಕೆಲವು ಆಟಗಳು ಅದರಲ್ಲೇ ಸೇವ್ ಆಗುವುದು, ಮರೆತರೆ ಗೋಳು!

ಕೊಳ್ಳುವ ಮುಂಚೆ ಇನ್ನೊಂದು. ಪಾತ್ರ ತಾನಾಗೇ ನಡೆಯುತ್ತಿದ್ದರೆ ಸ್ಟಿಕ್ ಬಿಟ್ಟು ಎಲ್, ಆರ್, ಸ್ಟಾರ್ಟ್ ಒಟ್ಟಿಗೆ ಒತ್ತಿ. ನಡುಬಿಂದು ಮತ್ತೆ ಹೊಂದಿಕೊಳ್ಳುತ್ತದೆ. ಎಷ್ಟೋ ಸಲ ಸುಮ್ನೆ ಕೆಟ್ಟಿದೆ ಅಂದುಕೊಂಡಿರುತ್ತೇವೆ, ಅಲ್ವಾ?