ಬಿಸಿರೊಟ್ಟಿಯ ಖಾನಾವಳಿಗೂ ಪುರವಣಿಯಲ್ಲಿ ಜಾಗ ಕೊಡಿ

ಸಂಪಾದಕರಿಗೆ ನಮಸ್ಕಾರ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಹುಬ್ಬಳ್ಳಿ–ಧಾರವಾಡದ ಹೊಸ ಕೆಫೆಗಳ ಬಗ್ಗೆ ಬರುವ ಬರಹಗಳನ್ನು ತಪ್ಪದೆ ಓದುತ್ತೇನೆ. ಮಗಳ ಜೊತೆ ಕೆಲವಕ್ಕೆ ಹೋಗಿ ಬಂದಿದ್ದೇನೆ ಕೂಡ. ಕಾಫಿ ಚೆನ್ನಾಗಿರುತ್ತದೆ, ಪುಸ್ತಕ ಹಿಡಿದು ಎರಡು ತಾಸು ಕೂತರೂ ಯಾರೂ ಎಬ್ಬಿಸುವುದಿಲ್ಲ. ಅವುಗಳ ಬಗ್ಗೆ ನನ್ನ ತಕರಾರಿಲ್ಲ. ಆದರೆ ಹೊರಗಿನಿಂದ ಬಂದವರು ಈ ಅವಳಿನಗರದಲ್ಲಿ ಎಲ್ಲಿ ಊಟ ಮಾಡಬೇಕು ಎಂದು ನಿಮ್ಮ ಪುಟ ನೋಡಿದರೆ ಅಲ್ಲಿ ಒಂದು ಖಾನಾವಳಿಯೂ ಕಾಣುವುದಿಲ್ಲ. ಅದಕ್ಕೇ ಈ ಪತ್ರ.

ನಾನು ನವಲಗುಂದದ ಕಡೆಯವಳು. ಧಾರವಾಡದಲ್ಲಿ ಶಿಕ್ಷಕಿ. ರಜೆ ಸಿಕ್ಕರೆ ನಾನು, ನನ್ನ ತಂಗಿ ಇಬ್ಬರೂ ಊಟ ಹುಡುಕಿಕೊಂಡು ಹೊರಡುತ್ತೇವೆ. ಚಿಗರಿ ಬಸ್ ಹತ್ತಿದರೆ ಹುಬ್ಬಳ್ಳಿ. ದುರ್ಗದಬೈಲಿನಲ್ಲಿ ಮಂಡಕ್ಕಿಯ ಗಿರ್ಮಿಟ್, ಜೊತೆಗೆ ಬಿಸಿ ಮಿರ್ಚಿ. ಮನಸ್ಸಾದರೆ ಗದಗ–ಬೆಟಗೇರಿಯವರೆಗೂ ಹೋಗಿ ಸಾವಜಿ ಸಮಾಜದವರ ಮಾಂಸದ ಊಟ. ಆ ಕೆಂಪು ಮಸಾಲೆಯ ಖಾರಕ್ಕೆ ನನ್ನ ತಂಗಿಗೆ ಕಣ್ಣಲ್ಲಿ ನೀರು ಬರುತ್ತದೆ, ಆದರೂ ಇನ್ನೊಂದು ರೊಟ್ಟಿ ಕೇಳುತ್ತಾಳೆ. ಎಲ್ಲ ತಿರುಗಿ ಬಂದರೂ ನಮ್ಮ ಮೊದಲ ಪ್ರೀತಿ ಮಾತ್ರ ರೊಟ್ಟಿ ಊಟದ ಸಣ್ಣ ಖಾನಾವಳಿಗಳ ಮೇಲೆಯೇ.

ಸಪ್ತಾಪುರದ ಕಡೆ ಬಂದು ನೋಡಿ. ಸ್ಪರ್ಧಾತ್ಮಕ ಪರೀಕ್ಷೆಗೆ ಓದಲು ರಾಜ್ಯದ ಮೂಲೆಮೂಲೆಯಿಂದ ಬಂದ ಹುಡುಗ ಹುಡುಗಿಯರು ಅಲ್ಲಿದ್ದಾರೆ. ಅವರಿಗೆ ದಿನಾ ಎರಡು ಹೊತ್ತು ಉಣ್ಣಿಸುತ್ತಿರುವುದು ಇಂಥ ಖಾನಾವಳಿಗಳೇ. ಎಷ್ಟೋ ಕಡೆ ಮನೆಯ ಮುಂದಿನ ಕೋಣೆಯೇ ಊಟದ ಮನೆ. ನಾಲ್ಕು ಟೇಬಲ್ಲು, ಗೋಡೆಗೆ ತಿಂಗಳ ಪಾಸಿನ ಲೆಕ್ಕದ ವಹಿ. ಒಳಗಿನಿಂದ ಟಪಟಪ ಸದ್ದು ಬಂತೆಂದರೆ ರೊಟ್ಟಿ ಬಿಸಿ ಇದೆ ಎಂದೇ ಅರ್ಥ.

ನಾವು ಹೆಚ್ಚಾಗಿ ಹೋಗುವ ಖಾನಾವಳಿಯಲ್ಲಿ ಅಡುಗೆಮನೆ ಎದುರಿಗೇ ಕಾಣುತ್ತದೆ. ಜೋಳದ ಹಿಟ್ಟಿನಲ್ಲಿ ಗೋಧಿಯ ಹಾಗೆ ಅಂಟು ಇರುವುದಿಲ್ಲ. ಅದಕ್ಕೇ ಆ ಅಕ್ಕ ಕುದಿಯುವ ಎಸರು ಹಾಕಿ ಹಿಟ್ಟು ಕಲಸುತ್ತಾರೆ, ಕೈ ಸುಡುತ್ತಿದ್ದರೂ ಮೆತ್ತಗಾಗುವವರೆಗೆ ನಾದುತ್ತಾರೆ. ಒಣಹಿಟ್ಟು ಉದುರಿಸಿ ಉಂಡೆ ಇಟ್ಟು ಬಡಿಯಲು ಶುರು ಮಾಡಿದರೆ ರೊಟ್ಟಿ ತಾನೇ ತಿರುಗುತ್ತಾ ಅಗಲವಾಗುತ್ತದೆ. ಅಂಚು ಎಲ್ಲೂ ಬಿರಿಯಬಾರದು. ಹಂಚಿಗೆ ಹಾಕಿದ ಕೂಡಲೇ ಮೇಲಿನ ಮೈಗೆ ಒದ್ದೆ ಬಟ್ಟೆ ಸವರುತ್ತಾರೆ. ಆಮೇಲೆ ತಿರುವಿ, ಕೊನೆಗೆ ಬೆಂಕಿಗೆ ಹಿಡಿದರೆ ಪೂರಾ ಉಬ್ಬುತ್ತದೆ. ಹಿಟ್ಟು ಹಳೆಯದಾಗಿದ್ದರೆ ಎಷ್ಟು ನಾದಿದರೂ ಬಡಿಯುವಾಗ ಹರಿಯುತ್ತದೆ. ಅದಕ್ಕೇ ಅವರು ಒಮ್ಮೆಲೇ ಜಾಸ್ತಿ ಬೀಸಿಸುವುದಿಲ್ಲ.

ತಟ್ಟೆಗೆ ಏನೇನು ಬೀಳುತ್ತದೆ ಅಂತೀರಿ! ಎಣ್ಣೆಗಾಯಿ ಬದನೆಕಾಯಿ, ಮಡಕೆ ಕಾಳಿನ ಪಲ್ಯ, ಕಡಲೆಹಿಟ್ಟಿನ ಜುಣಕ, ಶೇಂಗಾ ಹಿಂಡಿ (ಚಟ್ನಿಪುಡಿ), ಗುರೆಳ್ಳು ಹಿಂಡಿ, ಕೆಂಪು ಮೆಣಸಿನಕಾಯಿ ರಂಜಕ, ಗಟ್ಟಿ ಮೊಸರು. ಪಕ್ಕದಲ್ಲಿ ಹಸಿ ಉಳ್ಳಾಗಡ್ಡಿ, ಮೂಲಂಗಿ, ಮೆಂತ್ಯ ಸೊಪ್ಪು, ಹಕ್ಕರಕಿ. ಎಲ್ಲಾ ಸೇರಿ ನೂರು ರೂಪಾಯಿ ಆಸುಪಾಸು. ಇಷ್ಟು ಕಡಿಮೆ ದುಡ್ಡಿಗೆ ಇಷ್ಟು ಒಳ್ಳೆಯ ಊಟ ನಾನು ಬೇರೆಲ್ಲೂ ಕಂಡಿಲ್ಲ.

ಧಾರವಾಡ ಎಂದರೆ ಎಲ್ಲರಿಗೂ ಪೇಡೆ ನೆನಪಾಗುತ್ತದೆ. ಆಗಲಿ, ನನಗೂ ಅದು ಹೆಮ್ಮೆಯೇ. ಉತ್ತರ ಪ್ರದೇಶದ ಉನ್ನಾವ್ ಕಡೆಯಿಂದ ಬಂದ ಠಾಕೂರ್ ಮನೆತನದವರು ಲೈನ್ ಬಜಾರಿನಲ್ಲಿ ಬೆಳೆಸಿದ ಈ ಸಿಹಿಗೆ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಿದೆ. ಪೇಡೆಗೆ ಹಾಲು ಕೊಡುವ ನಮ್ಮ ಧಾರವಾಡಿ ಎಮ್ಮೆಗೂ 2021ರಲ್ಲಿ ಪ್ರತ್ಯೇಕ ತಳಿ ಎಂಬ ರಾಷ್ಟ್ರೀಯ ಮಾನ್ಯತೆ ಬಂತು. ಆದರೆ ಬಂದವರು ಪೇಡೆ ಕಟ್ಟಿಸಿಕೊಂಡು ಹಾಗೇ ಬಸ್ ಹತ್ತಿಬಿಡುತ್ತಾರೆ. ಎರಡು ಓಣಿ ಆಚೆ ಬಿಸಿರೊಟ್ಟಿ ಬೇಯುತ್ತಿದೆ ಎಂದು ಅವರಿಗೆ ಹೇಳುವವರಿಲ್ಲ. ಸಣ್ಣ ಖಾನಾವಳಿಯವರಿಗೆ ಜಾಹೀರಾತು ಕೊಡುವ ಶಕ್ತಿ ಇಲ್ಲ. ಮೊಬೈಲಿನಲ್ಲಿ ಹುಡುಕಿದರೂ ಎಷ್ಟೋ ಖಾನಾವಳಿಗಳು ಕಾಣುವುದಿಲ್ಲ. ಪತ್ರಿಕೆ ಬರೆಯದಿದ್ದರೆ ಇನ್ಯಾರು ಬರೆಯಬೇಕು?

ಆಹಾರ ಮೇಳಗಳ ಬಗ್ಗೆಯೂ ಹೇಳಲೇಬೇಕು. ಹೋದ ಚಳಿಗಾಲದಲ್ಲಿ ಇಲ್ಲಿ ನಡೆದ ಒಂದು ಮೇಳಕ್ಕೆ ಹೋಗಿದ್ದೆವು. ಹೆಸರಿನಲ್ಲಿ ಉತ್ತರ ಕರ್ನಾಟಕ ಇತ್ತು. ಒಳಗೆ ಸಾಲು ಸಾಲು ಗೋಬಿ ಮಂಚೂರಿ, ಮೊಮೊ, ಸುರುಳಿ ಆಲೂಗಡ್ಡೆ. ರೊಟ್ಟಿಯ ಮಳಿಗೆ ಮೂಲೆಯಲ್ಲಿ ಒಂದಿತ್ತು. ಅಲ್ಲೂ ಪ್ಯಾಕೆಟ್ಟಿನ ಕಡಕ್ ರೊಟ್ಟಿ. ಕಡಕ್ ರೊಟ್ಟಿಯನ್ನು ನಾನು ಹಳಿಯುತ್ತಿಲ್ಲ. ವಾರಗಟ್ಟಲೆ ಇಟ್ಟು ತಿನ್ನುವ ಒಳ್ಳೆಯ ಬುತ್ತಿ ಅದು. ಆದರೆ ಮೇಳಕ್ಕೆ ಬಂದವರಿಗೆ ಹಂಚಿನ ಮೇಲಿನ ರೊಟ್ಟಿ ಸಿಗಬೇಕಲ್ವಾ? ವಿಚಾರಿಸಿದರೆ ಮಳಿಗೆಯ ಹೆಣ್ಣುಮಕ್ಕಳು ಹೇಳಿದ್ದು ಇಷ್ಟೇ: ಒಲೆ ಹೂಡಲು ಜಾಗ ಕೊಟ್ಟಿಲ್ಲ, ನೀರು ದೂರದಿಂದ ತರಬೇಕು, ಬಾಡಿಗೆ ಮಾತ್ರ ಎಲ್ಲರಿಗೂ ಒಂದೇ. ದಿನವಿಡೀ ಬಡಿದರೂ ರೊಟ್ಟಿಯಲ್ಲಿ ಮಂಚೂರಿಯಷ್ಟು ಲಾಭ ಬರುವುದಿಲ್ಲ. ಹಾಗಿದ್ದಾಗ ಅದೇ ಬಾಡಿಗೆ ಕೊಟ್ಟು ಅವರು ಹೇಗೆ ಬರಬೇಕು?

ಸಂಘಟಕರು ರೊಟ್ಟಿ ಬಡಿಯುವವರಿಗೆ ಅರ್ಧ ಬಾಡಿಗೆಗೆ ಮಳಿಗೆ ಕೊಡಲಿ. ಒಲೆ, ನೀರು, ನೆರಳು ಒದಗಿಸಲಿ. ಕೃಷಿ ವಿಶ್ವವಿದ್ಯಾಲಯದ ಕೃಷಿಮೇಳಕ್ಕೆ ಲಕ್ಷಾಂತರ ಜನ ಬರುತ್ತಾರೆ. ಬಿಳಿಜೋಳ ಬೆಳೆಯುವ ರೈತರೇ ಕುಟುಂಬ ಸಮೇತ ಬರುವ ಜಾಗ ಅದು. ಅಲ್ಲಿ ರೊಟ್ಟಿಯ ಸಾಲು ಎಲ್ಲಕ್ಕಿಂತ ಮುಂದೆ ಇರಬೇಕು ಎಂಬುದು ನನ್ನ ಆಸೆ. 2023ರಲ್ಲಿ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷ ಎಂದು ಎಲ್ಲೆಡೆ ಭಾಷಣ ಕೇಳಿದೆವು. ಜೋಳವೂ ಆ ಪಟ್ಟಿಯಲ್ಲಿತ್ತು. ಜನ ದುಡ್ಡು ಕೊಟ್ಟು ಉಂಡರೆ ತಾನೇ ಎರೆಹೊಲದಲ್ಲಿ ಜೋಳ ಬಿತ್ತುವ ಧೈರ್ಯ ಬರುವುದು? ನಮ್ಮ ಕಡೆ ಜೋಳದ ಹೊಲಗಳು ಒಂದೊಂದಾಗಿ ಕಡಲೆಗೆ ತಿರುಗುತ್ತಿರುವುದನ್ನು ನೋಡುತ್ತಲೇ ಇದ್ದೇನೆ.

ಇನ್ನೊಂದು ಮಾತು, ಸೀತನಿಯದ್ದು. ಸಂಕ್ರಾಂತಿಯ ಆಸುಪಾಸಿನಲ್ಲಿ ಹಾಲುಗಾಳಿನ ಜೋಳದ ತೆನೆಯನ್ನು ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಿಸಿ ಇರುವಾಗಲೇ ತಿಕ್ಕಿ, ಮೊರದಲ್ಲಿ ಕೇರಿ, ಶೇಂಗಾ ಹಿಂಡಿ, ಬೆಲ್ಲದ ಜೊತೆ ತಿನ್ನುವುದು. ಹೊಲ ಇದ್ದವರಿಗೆ, ಅವರ ನೆಂಟರಿಗೆ ಮಾತ್ರ ಸಿಗುವ ರುಚಿ ಇದು. ನನ್ನ ತರಗತಿಯ ಹೆಚ್ಚಿನ ಮಕ್ಕಳು ಅದನ್ನು ಕಂಡೇ ಇಲ್ಲ, ಧಾರವಾಡದಲ್ಲಿ ಹುಟ್ಟಿ ಬೆಳೆದಿದ್ದರೂ. ಬೆಂಗಳೂರಿನಲ್ಲಿ ಅವರೆಕಾಯಿಗೆ ಒಂದು ಮೇಳ ನಡೆದು ಊರಿಗೆ ಊರೇ ಮುಗಿಬೀಳುತ್ತದೆ. ಇಲ್ಲಿ ಸೀತನಿಗೆ, ಹಸಿ ಕಡಲೆಯ ಸುಲಗಾಯಿಗೆ ಒಂದೆರಡು ದಿನದ ಮೇಳ ಯಾಕೆ ಆಗಬಾರದು? ರೈತರು ತೆನೆ ತರಲಿ, ಅವರೇ ಸುಡಲಿ, ದುಡ್ಡು ನೇರ ಅವರ ಕೈಗೆ ಹೋಗಲಿ.

ನಿಮ್ಮಲ್ಲಿ ನನ್ನ ವಿನಂತಿ ಸರಳ. ಪುರವಣಿಯಲ್ಲಿ ವಾರಕ್ಕೊಂದು ಖಾನಾವಳಿಯ ಬಗ್ಗೆ ಬರೆಯಿರಿ. ಸುಮ್ನೆ ಹೊಗಳುವುದು ಬೇಡ. ಯಾರು ನಡೆಸುತ್ತಾರೆ, ಜೋಳ ಎಲ್ಲಿಂದ ತರುತ್ತಾರೆ, ಬಿಸಿರೊಟ್ಟಿ ಯಾವ ಹೊತ್ತಿಗೆ ಸಿಗುತ್ತದೆ, ಈಗ ಯಾವ ಪಲ್ಯದ ಕಾಲ, ಊಟಕ್ಕೆ ಎಷ್ಟು ಎಂದು ತಿಳಿಸಿದರೆ ಸಾಕು. ನಾವಿಬ್ಬರು ಅಕ್ಕತಂಗಿಯರು ಸುತ್ತಿದ ಖಾನಾವಳಿಗಳ ವಿಳಾಸ, ಹೊತ್ತುಗಳನ್ನು ಒಂದು ವಹಿಯಲ್ಲಿ ಬರೆದಿಟ್ಟಿದ್ದೇವೆ. ನಿಮ್ಮ ವರದಿಗಾರರಿಗೆ ಬೇಕೆಂದರೆ ಅದರ ಪ್ರತಿ ಕಳಿಸಿಕೊಡುತ್ತೇನೆ.

ಇಂತಿ,
ಒಬ್ಬ ಶಿಕ್ಷಕಿ, ಧಾರವಾಡ