ಗೇಮಿಂಗ್ ರೂಮಿಗೆ ಕೊಟ್ಟ ಕುರ್ಚಿ, ಟೇಬಲ್ ಬಾಳಿಕೆ ಬಂದಿಲ್ಲ: ಬದಲಿಸಿ ಕೊಡಿ, ಇಲ್ಲವೇ ಹಣ ವಾಪಸ್ ಮಾಡಿ

ಇವರಿಗೆ,
ಗ್ರಾಹಕರ ದೂರು ವಿಭಾಗದ ಮುಖ್ಯಸ್ಥರು

ಮಾನ್ಯರೇ,

ಬಳ್ಳಾರಿಯ ಕೌಲ್ ಬಜಾರಿನಲ್ಲಿ ನಾನು ಒಂದು ಚಿಕ್ಕ ಗೇಮಿಂಗ್ ರೂಮ್ ನಡೆಸುತ್ತೇನೆ. ಕೆಲಸದವರಿಲ್ಲ, ನಾನೊಬ್ಬನೇ. ಮನೆ ನಡೆಯುವುದು ಇದರಿಂದಲೇ. ಕಳೆದ ಜನವರಿಯಲ್ಲಿ ನಿಮ್ಮ ವೆಬ್‌ಸೈಟಿನಿಂದ 8 ರೇಸಿಂಗ್ ಕುರ್ಚಿ (ರೇಸ್ ಕಾರಿನ ಸೀಟಿನಂಥವು), 4 ಟೇಬಲ್ ತರಿಸಿದೆ. ಒಟ್ಟು 76,400 ರೂಪಾಯಿ. ದಸರಾ ಬರುವಷ್ಟರಲ್ಲಿ ನೆಟ್ಟಗೆ ಕೂರುವಂಥ ಕುರ್ಚಿ ಎರಡೇ ಉಳಿದವು.

ನಿಮ್ಮ ಕಸ್ಟಮರ್ ಕೇರ್‌ನವರ ಉತ್ತರ ಇಷ್ಟೇ: "ವಾರಂಟಿ ಮನೆ ಬಳಕೆಗೆ ಮಾತ್ರ, ನಿಮ್ಮದು ಕಮರ್ಷಿಯಲ್." ಇದನ್ನು ನಾನು ಒಪ್ಪುವುದಿಲ್ಲ. ಆರ್ಡರ್ ಮಾಡುವ ಮೊದಲೇ ನಿಮ್ಮ ಸೇಲ್ಸ್‌ನವರಿಗೆ ವಾಟ್ಸಾಪ್‌ನಲ್ಲಿ ಎಲ್ಲ ಬರೆದಿದ್ದೆ. ಗೇಮಿಂಗ್ ರೂಮಿಗೆ ಬೇಕು, ದಿನಕ್ಕೆ ಹತ್ತು ಹನ್ನೆರಡು ತಾಸು ಜನ ಕೂರುತ್ತಾರೆ, ದಪ್ಪ ಇರುವವರೂ ಬರುತ್ತಾರೆ, ನಮ್ಮೂರಲ್ಲಿ ಬೇಸಿಗೆ 40 ಡಿಗ್ರಿ ದಾಟುತ್ತದೆ ಅಂತ. "ಕೆಫೆಗಳಿಗೂ ಇದೇ ಮಾಡೆಲ್ ಕೊಡ್ತೀವಿ ಸರ್, ತಲೆ ಕೆಡಿಸ್ಕೋಬೇಡಿ" ಅಂತ ಬಂದ ಮೆಸೇಜ್ ಇನ್ನೂ ಫೋನಿನಲ್ಲಿದೆ. ಮಾರುವಾಗ ಅಡ್ಡಿಯಾಗದ ಸಂಗತಿ, ವಾರಂಟಿ ಕೇಳಿದಾಗ ಮಾತ್ರ ಹೇಗೆ ಅಡ್ಡಿಯಾಯಿತು?

ಮೊದಲು ಹೋಗಿದ್ದು ಗ್ಯಾಸ್ ಲಿಫ್ಟ್, ಅಂದರೆ ಕುರ್ಚಿಯನ್ನು ಮೇಲೆ ಕೆಳಗೆ ಮಾಡುವ ಸಿಲಿಂಡರ್. ಎತ್ತರ ಮಾಡಿ ಕೂತರೆ ಆಟ ಮುಗಿಯುವಷ್ಟರಲ್ಲಿ ಕುರ್ಚಿ ತಾನೇ ಕೆಳಗಿಳಿದಿರುತ್ತದೆ. ಜಾಹೀರಾತಿನಲ್ಲಿ ಕ್ಲಾಸ್ 4, ಅಂದರೆ ಗಟ್ಟಿ ದರ್ಜೆಯ ಲಿಫ್ಟ್ ಅಂತ ಇತ್ತು. ಸಿಲಿಂಡರ್ ಮೇಲೆ ಅಂಥ ಯಾವ ಗುರುತೂ ಇಲ್ಲ. ಏಪ್ರಿಲ್ ಮೇ ಬಿಸಿಲಿಗೆ, ಬೆವರಿಗೆ ರೆಕ್ಸಿನ್ ಬಿರುಕು ಬಿಟ್ಟು ಸಿಪ್ಪೆ ಏಳತೊಡಗಿತು. ಹುಡುಗರ ಅಂಗಿಗೆಲ್ಲ ಕಪ್ಪು ಚೂರು ಮೆತ್ತಿಕೊಳ್ಳುತ್ತದೆ. ಸೀಟಿನ ನಡುಭಾಗ ಕುಸಿದು ಕೆಳಗಿನ ಕಬ್ಬಿಣ ತೊಡೆಗೆ ಒತ್ತುತ್ತದೆ. ಆಟೋ, ಬಸ್ ಸೀಟು ಹೊಲಿಯುವ ನಮ್ಮ ಓಣಿಯವರೊಬ್ಬರಿಂದ ಒಂದು ಸೀಟು ಬಿಚ್ಚಿಸಿ ನೋಡಿದೆ. ನೀವು ಹೇಳಿದ್ದು ಅಚ್ಚಿನಲ್ಲಿ ಹೊಯ್ದ ಒಂದೇ ತುಂಡಿನ ಫೋಮ್. ಒಳಗಿದ್ದದ್ದು ತುಂಡು ಫೋಮ್ ಅಂಟಿಸಿದ ಹಾಳೆ. ಫೋಟೋ ಕಳಿಸಿದ್ದೇನೆ, ನೋಡಿ.

ಟೇಬಲ್ ಕಥೆ ಬೇರೆ. 60 ಸೆಂಟಿಮೀಟರ್ ಅಗಲ ಅಂತ ಬರೆದಿದ್ದೀರಿ, ಟೇಪ್ ಹಿಡಿದರೆ 50. ಮಾನಿಟರ್ ಇಟ್ಟು ಕೀಬೋರ್ಡ್ ಇಟ್ಟರೆ ಮುಂಗೈ ಊರಲು ಜಾಗವಿಲ್ಲ, ಪರದೆ ಕಣ್ಣಿಗೆ ತೀರಾ ಹತ್ತಿರ. ಹಲಗೆ ಪಾರ್ಟಿಕಲ್ ಬೋರ್ಡ್, ಅಂದರೆ ಮರದ ಚೂರು ಅಂಟು ಹಾಕಿ ಒತ್ತಿದ್ದು. ಒಮ್ಮೆ ಸ್ಕ್ರೂ ಸಡಿಲವಾದರೆ ಮತ್ತೆ ಹಿಡಿಯುವುದಿಲ್ಲ, ಪುಡಿ ಉದುರುತ್ತದೆ. ನೀರಿನ ಬಾಟಲಿ ಇಟ್ಟ ಅಂಚೆಲ್ಲ ಉಬ್ಬಿದೆ.

ಕಡಿಮೆ ಬೆಲೆಗೆ ಸಿಗಲಿ ಅನ್ನೋದು ನನಗೂ ಬೇಕು. ಗಂಟೆಗೆ 40 ರೂಪಾಯಿ ತೆಗೆದುಕೊಳ್ಳುವ ಜಾಗ ಇದು. ಆದರೆ ಮೆಶ್ (ಗಾಳಿಯಾಡುವ ಜಾಲರಿ) ಬೆನ್ನು, ಬಟ್ಟೆ ಸೀಟು, ಕಬ್ಬಿಣದ ಕಾಲು ಇರುವ ಸಾದಾ ಆಫೀಸ್ ಕುರ್ಚಿ ನಿಮ್ಮಲ್ಲೇ ಇದೇ ದರಕ್ಕಿದೆ. ನಮ್ಮ ಸೆಕೆಗೆ ಅದೇ ಸರಿ. ಅದನ್ನು ಕೇಳಿದಾಗ ನಿಮ್ಮವರು ರೇಸಿಂಗ್ ಕುರ್ಚಿಯೇ ಜಾಸ್ತಿ ಬಾಳಿಕೆ ಅಂತ ಒತ್ತಾಯ ಮಾಡಿದರು.

ಇನ್ನು ಕಾನೂನಿನ ಮಾತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ, ಸ್ವಂತ ದುಡಿಮೆಯಿಂದ ಹೊಟ್ಟೆಪಾಡಿಗಾಗಿ ಕೊಂಡವನೂ ಗ್ರಾಹಕನೇ. ಹಾಗಾಗಿ "ಕಮರ್ಷಿಯಲ್" ಅಂತ ಹೇಳಿ ನನ್ನನ್ನು ಹೊರಗಿಡಲು ಬರುವುದಿಲ್ಲ. ಆನ್‌ಲೈನ್ ಮಾರಾಟದವರು ದೂರು ಸಿಕ್ಕಿದೆ ಎಂದು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು ಅಂತ 2020ರ ಇ-ಕಾಮರ್ಸ್ ನಿಯಮ ಹೇಳುತ್ತದೆ.

ನನಗೆ ಬೇಕಿರುವುದು ಇಷ್ಟು. ಎಂಟೂ ಕುರ್ಚಿ ಒಯ್ದು ಆ ಮೆಶ್ ಕುರ್ಚಿ ಕೊಡಿ. ಕೆಲಸದ ಕುರ್ಚಿಗಳಿಗಿರುವ ಭಾರತೀಯ ಮಾನದಂಡ ಐಎಸ್ 17631ರಂತೆ ಪರೀಕ್ಷೆ ಆಗಿದ್ದರೆ ಆ ವರದಿಯನ್ನೂ ಕಳಿಸಿ. ಟೇಬಲ್ ಹೇಳಿದ ಅಳತೆಯದ್ದೇ ಬೇಕು, ಪ್ಲೈವುಡ್‌ನದ್ದು. ಆಗದಿದ್ದರೆ ಪೂರ್ತಿ ಹಣ ಮರಳಿಸಿ. ಅದೇ ಮಾಡೆಲ್ ಮತ್ತೆ ಕಳಿಸಿದರೆ ಇಳಿಸಿಕೊಳ್ಳುವುದಿಲ್ಲ. ಒಂದು ತಿಂಗಳಲ್ಲಿ ಬಗೆಹರಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸುತ್ತೇನೆ, ಬಳ್ಳಾರಿಯ ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹೋಗುತ್ತೇನೆ.

ಬಿಲ್, ವಾಟ್ಸಾಪ್ ಮಾತುಕತೆ, ಫೋಟೋ, ಕುರ್ಚಿ ಇಳಿಯುವ ವಿಡಿಯೋ ಜೊತೆಗಿವೆ. ಗಾಡಿ ಕಳಿಸುವುದಾದರೆ ಬೆಳಗ್ಗೆ 10ರೊಳಗೆ ಕಳಿಸಿ, ಆಮೇಲೆ ಹುಡುಗರು ಬರುತ್ತಾರೆ.

ಇಂತಿ,
ಗೇಮಿಂಗ್ ರೂಮ್ ಮಾಲೀಕ,
ಕೌಲ್ ಬಜಾರ್, ಬಳ್ಳಾರಿ