ಗೆಳೆಯನಿಗೊಂದು ಪತ್ರ: ಬೂಟು ಬಿಚ್ಚಿಡುವ ಮುಂಚೆ

ಚಿಕ್ಕಮಗಳೂರು, ಏಪ್ರಿಲ್

ಗೆಳೆಯಾ,

ಇನ್ನೊಂದು ಸೀಸನ್ ಫುಟ್‌ಬಾಲ್ ಆಡಲೋ, ಮೇ 31ಕ್ಕೆ ಕರಾರು ಮುಗಿದ ಕೂಡಲೇ ಸಾಕು ಅಂದುಬಿಡಲೋ ಅಂತ ಕೇಳಿದ್ದೀಯ. ಆಡು, ಬಿಡು ಅಂತ ನಾನು ಹೇಳೋದಿಲ್ಲ. ಆದರೆ ಒಂದು ಮಾತು ಗಟ್ಟಿಯಾಗಿ ಹೇಳ್ತೀನಿ: ಕೊನೆಯ ಪಂದ್ಯ ಮುಗಿದ ನಾಲ್ಕು ವಾರದೊಳಗೆ ಯಾರ ಮುಂದೆಯೂ ಯಾವ ತೀರ್ಮಾನವನ್ನೂ ಬಾಯಿಬಿಡಬೇಡ ಮಾರಾಯ. ಮೈಯ ದಣಿವು, ಸೋಲಿನ ಬೇಸರ ಎರಡೂ ಸೇರಿ ಲೆಕ್ಕ ತಪ್ಪಿಸುವ ವಾರಗಳು ಅವು.

2016ರ ಜೂನ್‌ನಲ್ಲಿ ಕೋಪಾ ಅಮೆರಿಕ ಫೈನಲ್‌ನಲ್ಲಿ ಚಿಲಿ ಎದುರು ಪೆನಾಲ್ಟಿ ಕಳಕೊಂಡ ಅರ್ಜೆಂಟೀನಾದ ಮೆಸ್ಸಿ, ಅದೇ ರಾತ್ರಿ ದೇಶದ ತಂಡದ ಸಹವಾಸ ಮುಗೀತು ಅಂದ. ಆಗಸ್ಟ್ ಹೊತ್ತಿಗೆ ವಾಪಸ್. 2021ರ ಕೋಪಾ, 2022ರ ವಿಶ್ವಕಪ್ ಅವನ ಕೈಗೆ ಬಂದದ್ದು ಆಮೇಲೆ. ಅಮೆರಿಕನ್ ಫುಟ್‌ಬಾಲ್‌ನ ಟಾಮ್ ಬ್ರಾಡಿ 2022ರ ಫೆಬ್ರವರಿ 1ರಂದು ನಿವೃತ್ತಿ ಹೇಳಿ, 40 ದಿನಕ್ಕೆ ಮರಳಿ ಬಂದು, ಮುಂದಿನ ವರ್ಷ ಅದೇ ತಾರೀಕಿಗೆ ಮತ್ತೆ ನಿವೃತ್ತಿ ಹೇಳಬೇಕಾಯ್ತು.

ನೀನು ಒಂದೇ ಪ್ರಶ್ನೆ ಅಂದುಕೊಂಡಿರೋದು ನಿಜಕ್ಕೂ ಮೂರು. ದೇಶದ ತಂಡ ಬಿಡೋದು, ಕ್ಲಬ್ ಬಿಡೋದು, ಮೊದಲ ಹನ್ನೊಂದರ ಜಾಗ ಬಿಡೋದು. ಸುನಿಲ್ ಛೆಟ್ರಿಯವರನ್ನೇ ನೋಡು. 2024ರ ಜೂನ್ 6ರಂದು ಕೋಲ್ಕತ್ತದಲ್ಲಿ ಕುವೈತ್ ಎದುರು ಗೋಲಿಲ್ಲದ ಡ್ರಾ ಆಡಿ, 94 ಗೋಲಿಗೆ ದೇಶದ ಅಂಗಿ ಕಳಚಿದರು. ಬೆಂಗಳೂರು ಎಫ್‌ಸಿ ಬಿಡಲಿಲ್ಲ. ಮುಂದಿನ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಸೀಸನ್ನಲ್ಲಿ ಒಟ್ಟು 14 ಗೋಲು ಹೊಡೆದರು. ಅದರ ನಡುವೆಯೇ ದೇಶದ ತಂಡಕ್ಕೆ ಮರಳಿ, 2025ರ ಮಾರ್ಚ್ 19ರಂದು ಶಿಲ್ಲಾಂಗ್‌ನಲ್ಲಿ ಮಾಲ್ಡೀವ್ಸ್ ಎದುರು ಹೆಡರ್‌ನಿಂದ 95ನೆಯದನ್ನೂ ಸೇರಿಸಿದರು, ನಲವತ್ತು ದಾಟಿದ ವಯಸ್ಸಲ್ಲಿ. ಕ್ಲಬ್ ಬಿಡದೆ ಇದ್ದದ್ದರಿಂದ ಪಂದ್ಯದ ಓಟ ಕಾಲಲ್ಲಿ ಉಳಿದಿತ್ತು. ಒಂದೇ ಏಟಿಗೆ ಮೂರನ್ನೂ ಬಿಟ್ಟವನಿಗೆ ಹೀಗೆ ಮರಳೋದು ಬಹಳ ಕಷ್ಟ.

ಈಗ ಮೈಯ ವಿಚಾರ. ಮೂವತ್ತೈದು ದಾಟಿದ ಫಾರ್ವರ್ಡ್‌ಗೆ ಉಸಿರು ಕೈಕೊಡೋದು ತಡವಾಗಿ. ಮೊದಲು ಹೋಗೋದು ಮೇಲಿಂದ ಮೇಲೆ ಜೋರಾಗಿ ಓಡುವ ಶಕ್ತಿ, ಆಮೇಲೆ ಚೇತರಿಕೆ. ಓಟ ಅಳೆಯೋಕೆ ಕ್ಲಬ್ ಹಾಕಿಸುವ ಜಿಪಿಎಸ್ ವೆಸ್ಟ್‌ನ ದಾಖಲೆ ಕೇಳಿ ತಗೋ. ಒಟ್ಟು ಎಷ್ಟು ಕಿಲೋಮೀಟರ್ ಓಡಿದೆ ಅನ್ನೋದನ್ನ ಬದಿಗಿಡು, ಅದು ಮೋಸ ಮಾಡುತ್ತೆ. ಗಂಟೆಗೆ 25.2 ಕಿ.ಮೀ. ಮೀರಿದ ಓಟಗಳು ಎಷ್ಟು, ಅದರಲ್ಲಿ 60ನೇ ನಿಮಿಷದ ನಂತರದವು ಎಷ್ಟು ಅಂತ ಎರಡು ಸೀಸನ್ನಿನದ್ದು ಪಕ್ಕಪಕ್ಕ ಇಟ್ಟು ನೋಡು.

ಮೈದಾನದ ಪರೀಕ್ಷೆ ಸುಲಭ: 30 ಮೀಟರ್ ಓಟ ಆರು ಸಲ, ನಡುವೆ 25 ಸೆಕೆಂಡ್ ಬಿಡುವು. ಎಲ್ಲಕ್ಕಿಂತ ಚುರುಕಿನ ಓಟ 4.2 ಸೆಕೆಂಡ್ ಅಂತ ಇಟ್ಟುಕೋ, ಆರರಿಂದ ಗುಣಿಸಿದರೆ 25.2 ಸೆಕೆಂಡ್. ಆರೂ ಓಟದ ಮೊತ್ತ 26.5 ಬಂದರೆ ಇಳಿಕೆ ಸುಮಾರು 5 ಪರ್ಸೆಂಟ್. ಇಲ್ಲಿ ಎಡವೋದು ಎರಡು ಕಡೆ. ಮುಂದಿನ ಐದಕ್ಕೆ ಇರಲಿ ಅಂತ ಮೊದಲ ಓಟದಲ್ಲಿ ದಮ್ಮು ಉಳಿಸಿಕೊಂಡರೆ ಇಳಿಕೆ ಸುಳ್ಳೇ ಕಮ್ಮಿ ಕಾಣುತ್ತೆ. ಹಾಗಾಗಿ ಪರೀಕ್ಷೆಗೆ ಐದು ನಿಮಿಷ ಮುಂಚೆ ಒಂಟಿ ಓಟ ಓಡಿ ಸಮಯ ಬರೆದಿಡು, ಮೊದಲ ಓಟ ಅದರ ಹತ್ತಿರ ಇರಲೇಬೇಕು. ಇನ್ನು ಕೈಗಡಿಯಾರ ಒತ್ತೋ ಲೆಕ್ಕದಲ್ಲಿ 0.2 ಸೆಕೆಂಡ್ ಆಚೀಚೆ ಆಗೋದು ಮಾಮೂಲಿ, ದಾಟಿದ ಕೂಡಲೇ ತಾನೇ ಸಮಯ ಹಿಡಿಯುವ ಟೈಮಿಂಗ್ ಗೇಟ್ ಸಿಕ್ಕರೆ ಅದನ್ನೇ ಬಳಸು. ಇಪ್ಪತ್ತೆರಡರ ಹುಡುಗರ ಜೊತೆ ಹೋಲಿಸಬೇಡ, ನಿನ್ನದೇ ಹಳೆಯ ಅಂಕಿಗಳ ಜೊತೆ ಹೋಲಿಸು. ನೋವಿನ ಮಾತ್ರೆ ನುಂಗಿಯಂತೂ ಓಡಲೇಬೇಡ.

ಎರಡನೆಯದು ಚೇತರಿಕೆ. ಪಂದ್ಯವಾಗಿ 72 ಗಂಟೆಗೆ ನಿಂತಲ್ಲಿಂದ ಜಿಗಿಯುವ ಎತ್ತರ ಅಳೆ. ಮೂರನೇ ದಿನವೂ ಎತ್ತರ ಮೊದಲಿನ ಮಟ್ಟಕ್ಕೆ ಬರದಿದ್ದರೆ, ಮಂಡಿಯ ಊತ ಇಳಿಯದಿದ್ದರೆ, ವಾರಕ್ಕೆ ಎರಡು ಪಂದ್ಯದ ಆಸೆ ಬಿಡಬೇಕು. ವೇಗ ಇಳಿದಿದೆ, ಚೇತರಿಕೆ ಚೆನ್ನಾಗಿದೆ ಅಂದರೆ ಸ್ಟ್ರೈಕರ್ ಜಾಗದಿಂದ ಹತ್ತು ಗಜ ಹಿಂದೆ ಬಂದು ಆಡಬಹುದು, ಅಥವಾ 60 ನಿಮಿಷಕ್ಕೆ ಒಪ್ಪಿಕೊಂಡು. ಎರಡೂ ಇಳಿದು, ಅದೇ ಹ್ಯಾಮ್‌ಸ್ಟ್ರಿಂಗ್ (ತೊಡೆಯ ಹಿಂಬದಿಯ ಸ್ನಾಯು) ಒಂದೇ ಸೀಸನ್ನಲ್ಲಿ ಎರಡು ಸಲ ಹರಿದಿದ್ದರೆ, ನನ್ನ ಮಟ್ಟಿಗೆ ಅದೇ ಉತ್ತರ.

ಈ ನಾಲ್ಕು ವಾರ ಪೂರ್ತಿ ಮಲಗಿಬಿಡಬೇಡ. ಜೋರು ಓಟದ ರೂಢಿ ತಪ್ಪಿದ ಹ್ಯಾಮ್‌ಸ್ಟ್ರಿಂಗ್ ಮೊದಲ ದಿನದ ಸ್ಪ್ರಿಂಟ್‌ಗೇ ಹರಿದುಬಿಡಬಹುದು, ಆಮೇಲೆ ವಯಸ್ಸಾಯ್ತು ಅಂತ ತಪ್ಪು ತಿಳಿಯೋದು. ನಾರ್ಡಿಕ್ ವ್ಯಾಯಾಮ ಮಾಡು, ಅಂದರೆ ಮಂಡಿಯೂರಿ, ಪಾದ ಹಿಡಿಸಿಕೊಂಡು, ಮೈಯನ್ನ ನಿಧಾನಕ್ಕೆ ಮುಂದಕ್ಕೆ ಇಳಿಸೋದು: ಮೊದಲ ವಾರ ಒಂದೇ ದಿನ, 5ರಂತೆ 2 ಸೆಟ್. ಎರಡನೇ ವಾರ ಎರಡು ದಿನ, 6ರಂತೆ 2. ಮೂರನೇ ವಾರ ಮೂರು ದಿನ, 6ರಿಂದ 8ರಂತೆ 3. ನಾಲ್ಕನೇ ವಾರ ಮೂರು ದಿನ, 8ರಿಂದ 10ರಂತೆ 3. ಊರಿಗೆ ಬಂದವರೆಲ್ಲ ಮುಳ್ಳಯ್ಯನಗಿರಿ ಓಡ್ತಾರೆ. ನೀನು ಏರು ಓಡು, ಇಳಿಯುವಾಗ ಮಾತ್ರ ನಡೆದು ಬಾ. ಇಳಿಜಾರಲ್ಲಿ ಓಡಿದರೆ ತೊಡೆಯ ಸ್ನಾಯು ಉದ್ದಕ್ಕೆ ಎಳೆದುಕೊಳ್ಳುತ್ತಲೇ ಭಾರ ಹೊರುತ್ತೆ, ಎರಡು ದಿನದ ನೋವು ಪರೀಕ್ಷೆಯನ್ನೇ ಕೆಡಿಸುತ್ತೆ.

ಕಾಗದಪತ್ರದ ವಿಷಯ ಯಾರೂ ಹೇಳೋದಿಲ್ಲ. ಕರಾರು ಮುಗಿದು ಆಟ ನಿಲ್ಲಿಸಿದರೂ ಫಿಫಾ ನಿಯಮದ ಪ್ರಕಾರ 30 ತಿಂಗಳು ನಿನ್ನ ನೋಂದಣಿ ಕೊನೆಯ ಕ್ಲಬ್‌ನ ಫೆಡರೇಶನ್‌ನಲ್ಲೇ ಇರುತ್ತೆ. ಊರ ಟೂರ್ನಿಯಲ್ಲಿ ಹವ್ಯಾಸಿಯಾಗಿ ಆಡಬೇಕು ಅಂದರೂ ಕೊನೆಯ ವೃತ್ತಿಪರ ಪಂದ್ಯವಾಗಿ 30 ದಿನ ಕಳೆದಿರಬೇಕು. ಡೋಪಿಂಗ್ ಪರೀಕ್ಷೆಯ ಪಟ್ಟಿಯಲ್ಲಿದ್ದರೆ ಇನ್ಸ್ಟಾಗ್ರಾಮ್‌ನಲ್ಲಿ ವಿದಾಯ ಹೇಳಿದರೆ ಸಾಲದು, ಉದ್ದೀಪನ ಮದ್ದು ತಡೆಯುವ ರಾಷ್ಟ್ರೀಯ ಸಂಸ್ಥೆ ನಾಡಾಗೆ ಲಿಖಿತವಾಗಿ ತಿಳಿಸಬೇಕು. ತಿಳಿಸದಿದ್ದರೆ ಎಲ್ಲಿದ್ದೀಯ ಅನ್ನೋ ವಿವರ ಕೊಡುವ ಹೊಣೆ ಮುಂದುವರಿಯುತ್ತೆ, 12 ತಿಂಗಳಲ್ಲಿ ಮೂರು ಸಲ ತಪ್ಪಿದರೆ ನಿಷೇಧಕ್ಕೆ ದಾರಿ. ತಿಳಿಸಿ ಬಿಟ್ಟವನು ಮರಳಬೇಕಾದರೆ ಆರು ತಿಂಗಳು ಮುಂಚೆ ನೋಟಿಸ್ ಕೊಡಬೇಕು. ಎರಡು ತಿಂಗಳಿಗೆ ಮನಸ್ಸು ಬದಲಾದರೂ ಸೀಸನ್‌ನ ಅರ್ಧ ಕೈತಪ್ಪಿ ಹೋಗುತ್ತೆ, ಅದಕ್ಕೇ ಆತುರ ಬೇಡ ಅಂದದ್ದು.

ಕೋಚಿಂಗ್ ಆಸೆ ಇದ್ದರೆ ಆಡ್ತಾ ಇರುವಾಗಲೇ ಲೈಸೆನ್ಸ್ ಮೆಟ್ಟಿಲು ಹತ್ತಲು ಶುರುಮಾಡು.

ಮೇ ಕೊನೆಯ ವಾರ ಇಲ್ಲಿಗೆ ಬಾ. ಜೂನ್ ಮಳೆ ಹಿಡಿದರೆ ಮೈದಾನ ಕೆಸರು, ಓಟದ ಸಮಯ ನಂಬೋಕಾಗಲ್ಲ. ಕೋನ್, ಅಳತೆ ಟೇಪು ನನ್ನ ಹತ್ತಿರ ಇವೆ. ಎರಡು ಸೀಸನ್ನಿನ ಜಿಪಿಎಸ್ ಶೀಟು ನೀನು ತಾ, ಕೂತು ನೋಡೋಣ.

ನಿನ್ನ ಗೆಳೆಯ